ಪಾದ್ರಿ ಯಾನೆ ಚಟ್ಟಂಬಡೆ

ಶಕ್ತಿನಗರ, ಮಂಗಳೂರು
6 ಜನವರಿ 2025

ಮಾನ್ಯ ರೂಪೇಶ್ ಕರ್ಕೇರ ಅವರಿಗೆ,

ನಮಸ್ಕಾರ. ನಿಮಗೆ ನನ್ನ ಪರಿಚಯವಿಲ್ಲ. ನಾನು ಮಗ್ದಲೀನ್ ಕ್ರಾಸ್ತಾ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನನ್ನ ಗಂಡ ನೊರ್ಬರ್ಟ್ ಸಿಟಿ ಬಸ್ಸಿನ ಡ್ರೈವರ್ ಆಗಿದ್ದವರು. ನಮ್ಮ ಮನೆಯಲ್ಲಿ ಒಂದು ಬೆಕ್ಕು ಉಂಟು. ಅದರ ವಿಷಯಕ್ಕೇ ಈ ಪತ್ರ.

ಸಾಕು ಬೆಕ್ಕುಗಳನ್ನೂ ಇನ್ನು ನೋಂದಣಿ ಮಾಡಿಸಬೇಕು, ಗುರುತಿಗೆ ಕುತ್ತಿಗೆಯ ಹಿಂದೆ ಅಕ್ಕಿಕಾಳಿನಷ್ಟು ದೊಡ್ಡ ಚಿಪ್ ಹಾಕಿಸಬೇಕು ಎಂದು ನಗರಪಾಲಿಕೆಯವರ ಪ್ರಕಟಣೆ ಬಂತು. ಕ್ರಿಸ್ಮಸ್ ಕಳೆದ ಮೂರನೇ ದಿನ ವಾರ್ಡ್ ಕಚೇರಿಯಲ್ಲಿ ಶಿಬಿರ. ನಾವೂ ಚೀಲದಲ್ಲಿ ಬೆಕ್ಕನ್ನು ಹಾಕಿಕೊಂಡು ಹೋದೆವು. ಅಲ್ಲಿನ ಗುಮಾಸ್ತ ಇಜಾಝ್ ಎಂಬವರು ಕೈಯಲ್ಲಿದ್ದ ಯಂತ್ರವನ್ನು ಅದರ ಕುತ್ತಿಗೆಗೆ ಹಿಡಿದರು. ಅದು ಕೀಂ ಎಂದಿತು.

"ಟೀಚರ್, ಇದರೊಳಗೆ ಮೊದಲೇ ಚಿಪ್ ಉಂಟಲ್ಲ!" ಎಂದರು.

"ಎಂತ ಚಿಪ್ಸ್? ಬಾಳೆಕಾಯಿಯದ್ದಾ?" ಎಂದು ನೊರ್ಬರ್ಟ್ ಕೇಳಿದರು. ಯಾರೂ ನಗಲಿಲ್ಲ.

ಹದಿನೈದು ಅಂಕಿಗಳ ಆ ಸಂಖ್ಯೆಯನ್ನು ಹಿಡಿದು ಇಜಾಝ್ ಅತ್ತಾವರದ ಪಶುವೈದ್ಯರ ರಿಜಿಸ್ಟರಿನಲ್ಲಿ ನಿಮ್ಮ ಹೆಸರನ್ನು ಹುಡುಕಿ ತೆಗೆದರು. ನಿಮ್ಮ ಹಳೆಯ ಮನೆಯ ಯಜಮಾನರು ಈ ವಿಳಾಸ ಕೊಟ್ಟರಂತೆ. ರಿಜಿಸ್ಟರಿನ ಪ್ರಕಾರ ಬೆಕ್ಕಿನ ಹೆಸರು ಚಟ್ಟಂಬಡೆ. ಕಡಲೆಬೇಳೆ ವಡೆಯ ಆ ಹೆಸರನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದಾಗ ನನಗೆ ಸ್ವಲ್ಪ ಮುಜುಗರವಾಯಿತು.

ನೀವು ಒಪ್ಪಿಗೆಪತ್ರ ಕೊಟ್ಟರೆ ನಮ್ಮ ಹೆಸರಿಗೆ ವರ್ಗಾಯಿಸುತ್ತಾರಂತೆ. ದಯವಿಟ್ಟು ಒಂದು ಸಹಿ ಹಾಕಿ ಕಳಿಸಿಕೊಡಿ. ನಿಮಗೆ ಇದರಿಂದ ನಷ್ಟವೇನೂ ಇಲ್ಲ. ಬೆಕ್ಕಿಗೆ ಪ್ರಾಯವಾಗಿದೆ. ಒಂದು ಹಲ್ಲು ಹೋಗಿದೆ. ಬೂತಾಯಿ ಬಿಟ್ಟು ಬೇರೆ ಮೀನು ಮುಟ್ಟುವುದಿಲ್ಲ. ಸ್ವಭಾವವೂ ಅಷ್ಟು ಒಳ್ಳೆಯದಲ್ಲ.

ಫೋನಿನಲ್ಲಿ ನನಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ಉತ್ತರವನ್ನು ಪತ್ರದಲ್ಲೇ ಬರೆಯಿರಿ.

ಇತಿ,
ಮಗ್ದಲೀನ್ ಕ್ರಾಸ್ತಾ


ರತ್ನಾಗಿರಿ
17 ಜನವರಿ 2025

ಮಾನ್ಯ ಟೀಚರ್,

ನಾನು ಇಲ್ಲಿ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್. ನಿಮ್ಮ ಪತ್ರವನ್ನು ಮನೆಯಲ್ಲಿ ಒಡೆಯದೆ ಡ್ಯೂಟಿಗೆ ತಂದು ಓದಿದೆ. ಓದಿ ಮುಗಿಸಿ ಎದ್ದು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದೆ. ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಓಡಿ ಬಂದು, "ಸಾಹೇಬ್, ಎಲ್ಲ ಸರಿ ಇದೆಯಾ?" ಎಂದು ಕೇಳಿದ. ಸರಿ ಇದೆ ಎಂದೆ. ನಗು ತಡೆಯಲಾಗಲಿಲ್ಲ.

ಟೀಚರ್, ಅದು ಬದುಕಿದೆಯಾ? ನಿಜವಾಗಿಯೂ? ಕಪ್ಪು ಬೆಕ್ಕು, ಕುತ್ತಿಗೆಗೆ ಬಿಳಿ ಪಟ್ಟಿ, ಎಡ ಹಿಂಗಾಲಿನ ಒಂದೇ ಒಂದು ಬೆರಳು ಬಿಳಿ? ಕುಕ್ಕರ್ ಸೀಟಿ ಹೊಡೆದರೆ ಹೆದರುವ ಬದಲು ಅದರ ಮುಂದೆಯೇ ಹೋಗಿ ಕೂರುತ್ತದಾ? ಮರಿಯಾಗಿದ್ದಾಗ ಸುರುಟಿ ಮಲಗಿದರೆ ಎಣ್ಣೆಯಲ್ಲಿ ಹೆಚ್ಚು ಹೊತ್ತು ಬಿಟ್ಟ ಚಟ್ಟಂಬಡೆಯ ಹಾಗೆ ಕಾಣುತ್ತಿತ್ತು. ನನ್ನ ಮಗಳು ಭವ್ಯಶ್ರೀ ಇಟ್ಟ ಹೆಸರದು. ಚಿಪ್ ಹಾಕಿಸಿದ್ದೂ ಅವಳ ಹಠಕ್ಕೆ.

2022ರ ಮೇ ತಿಂಗಳಲ್ಲಿ ನನಗೆ ಇಲ್ಲಿಗೆ ವರ್ಗವಾಯಿತು. ಹೆಂಡತಿ, ಮಗಳು ಮೊದಲೇ ರೈಲಿನಲ್ಲಿ ಬಂದಿದ್ದರು. ನಾನು ಸಾಮಾನಿನ ಟೆಂಪೋದಲ್ಲಿ ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಹೊರಟೆ. ನಂತೂರು ಸರ್ಕಲ್ಲಿನಲ್ಲಿ ಟ್ರಾಫಿಕ್ ಬ್ಲಾಕ್. ಪಕ್ಕದ ಲಾರಿ ಹಾರ್ನ್ ಹೊಡೆದದ್ದೇ ತಡ, ಬುಟ್ಟಿಯ ಮುಚ್ಚಳ ಹಾರಿತು. ಬೆಕ್ಕು ಲಾರಿಗಳ ಅಡಿಯಿಂದ ನುಗ್ಗಿ ಕಾಣದಾಯಿತು.

ಮಗಳಿಗೆ ಅದನ್ನು ಹೇಗೆ ಹೇಳಲಿ? ಅವಳಿಗೆ ಆಗ ಒಂಬತ್ತು ವರ್ಷ. ಒಂದು ಸುಳ್ಳು ಹೇಳಿದೆ. "ದೂರದ ಪ್ರಯಾಣ ಅದಕ್ಕೆ ಆಗುವುದಿಲ್ಲ, ಮಂಗಳೂರಿನಲ್ಲಿ ಒಬ್ಬರು ಟೀಚರ ಮನೆಗೆ ಕೊಟ್ಟು ಬಂದಿದ್ದೇನೆ, ಚೆನ್ನಾಗಿ ನೋಡಿಕೊಳ್ಳುತ್ತಾರೆ" ಎಂದೆ. ಯಾಕೆ ಟೀಚರ್ ಎಂದೆನೋ ನನಗೇ ಗೊತ್ತಿಲ್ಲ. ಟೀಚರೆಂದರೆ ಅವಳು ನಂಬಿಯಾಳೆಂದು ಇರಬೇಕು. ಆಮೇಲೆ ಆಗಾಗ ಆ ಟೀಚರ ಮನೆಯ ಸುದ್ದಿಯನ್ನೂ ಹುಟ್ಟಿಸಿ ಹೇಳುತ್ತ ಬಂದೆ. ಈಗ ನೋಡಿದರೆ ನೀವು ನಿಜವಾಗಿಯೂ ಇದ್ದೀರಿ!

ಒಂದು ಉಪಕಾರ ಮಾಡಬೇಕು. ಮುಂದೆ ಎಂದಾದರೂ ಮಗಳಿಗೆ ವಿಷಯ ತಿಳಿದರೆ, ನಾನೇ ತಂದು ನಿಮ್ಮ ಕೈಗೆ ಕೊಟ್ಟೆ ಎಂದು ಹೇಳುವಿರಾ? ಇನ್ನು ಬರೆಯುವಾಗ ಮನೆಯ ವಿಳಾಸ ಬೇಡ, ಸ್ಟೇಷನ್ನಿನ ವಿಳಾಸಕ್ಕೆ ಬರೆಯಿರಿ. ಕೆಳಗೆ ಕೊಟ್ಟಿದ್ದೇನೆ.

ನಿಮ್ಮ ವಿಶ್ವಾಸಿ,
ರೂಪೇಶ್ ಕರ್ಕೇರ


ಶಕ್ತಿನಗರ
30 ಜನವರಿ 2025

ಶ್ರೀ ರೂಪೇಶ್ ಅವರಿಗೆ,

ನಿಮ್ಮ ಪತ್ರ ತಲುಪಿತು. ಒಂದೇ ಒಂದು ಬೆರಳು ಬಿಳಿ. ಕುಕ್ಕರಿನ ವಿಷಯವೂ ಹೌದು. ನನ್ನ ಕೈಯಲ್ಲಿ ಕಲಿತ ಮಕ್ಕಳಿಗೆ ನಾನು ಯಾವತ್ತೂ ಸುಳ್ಳು ಬರೆಯಲು ಹೇಳಿಕೊಟ್ಟಿಲ್ಲ. ನಿಮ್ಮ ಮಗಳಿಗೆ ಸುಳ್ಳು ಹೇಳಲು ನನ್ನಿಂದ ಆಗದು. ಕ್ಷಮಿಸಿ.

ನೀವು ಸಹಿಯ ವಿಷಯವನ್ನೇ ಎತ್ತಲಿಲ್ಲ. ನನಗೆ ಅರ್ಥವಾಯಿತು. ಬೆಕ್ಕನ್ನು ಕರೆದೊಯ್ಯಲು ಬರುವಿರೆಂದು ಕಾಣುತ್ತದೆ. ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಇರುವಾಗ ನಾನು ಬೇಡವೆನ್ನುವುದು ಹೇಗೆ? ಬರುವ ದಿನ ಮೊದಲೇ ತಿಳಿಸಿ. ನೊರ್ಬರ್ಟ್‌ಗೆ ನಾನಿನ್ನೂ ಹೇಳಿಲ್ಲ.

ನಮ್ಮಲ್ಲಿ ಅದರ ಹೆಸರು ಪಾದ್ರಿ. ಕಪ್ಪು ಮೈ, ಕುತ್ತಿಗೆಗೆ ಬಿಳಿ ಕಾಲರ್. ನೊರ್ಬರ್ಟ್ ನೋಡಿದ ತಕ್ಷಣ ಇಟ್ಟ ಹೆಸರು. ಇದರಿಂದ ಆದ ಫಜೀತಿಯನ್ನು ಹೇಳಬೇಕು. ಹೋದ ವರ್ಷ ಚರ್ಚಿನಿಂದ ಹೊಸ ಫಾದರ್ ಮನೆ ಆಶೀರ್ವದಿಸಲು ಬಂದರು. ಗೇಟಿನ ಹತ್ತಿರ ಚಪ್ಪಲಿ ಬಿಡುತ್ತಿದ್ದಾರೆ, ಒಳಗಿನಿಂದ ನೊರ್ಬರ್ಟ್ ಬೊಬ್ಬೆ: "ಪಾದ್ರಿ, ಮೇಜಿನಿಂದ ಇಳಿ! ನಿನ್ನೆ ಮೀನು ಕದ್ದು ತಿಂದದ್ದು ಸಾಲದಾ? ನಾಚಿಕೆ ಇಲ್ಲವಾ ನಿನಗೆ?" ಫಾದರ್ ಒಂದು ಕಾಲಿನಲ್ಲಿ ಚಪ್ಪಲಿ ಇಟ್ಟುಕೊಂಡು ಹಾಗೆಯೇ ನಿಂತರು. ಬೆಕ್ಕು ಹೊರಗೆ ಬಂದು ಅವರನ್ನೇ ಮೇಲಿನಿಂದ ಕೆಳಗೆ ನೋಡಿತು. ಮತ್ತೆ ಫಾದರ್ ನಕ್ಕ ನಗು ಪಕ್ಕದ ಮನೆಯ ಮಟಿಲ್ಡಾಳಿಗೂ ಕೇಳಿತಂತೆ. ಈಗ ಬಂದಾಗಲೆಲ್ಲ, "ನಮ್ಮ ಸಹೋದ್ಯೋಗಿ ಎಲ್ಲಿ?" ಎಂದು ಕೇಳುತ್ತಾರೆ.

ಸ್ವಭಾವ ಒಳ್ಳೆಯದಲ್ಲವೆಂದು ಮೊದಲ ಪತ್ರದಲ್ಲಿ ಬರೆದಿದ್ದೆ. ಅದು ಸರಿಯಲ್ಲ. ತಿದ್ದಿಕೊಳ್ಳಿ.

ಇತಿ,
ಮಗ್ದಲೀನ್ ಕ್ರಾಸ್ತಾ


ರತ್ನಾಗಿರಿ
9 ಫೆಬ್ರವರಿ 2025

ಪ್ರೀತಿಯ ಟೀಚರ್,

ನೀವು ಎಂತ ಗ್ರಹಿಸಿಬಿಟ್ಟಿರಿ! ಖುಷಿಯಲ್ಲಿ ಸಹಿಯ ವಿಷಯ ಬರೆಯಲು ಮರೆತೇ ಹೋಗಿತ್ತು, ಅಷ್ಟೇ. ಒಪ್ಪಿಗೆಪತ್ರವನ್ನು ಇದರೊಟ್ಟಿಗೆ ಇಟ್ಟಿದ್ದೇನೆ. ಎರಡು ಕಡೆ ಸಹಿ ಹಾಕಿದ್ದೇನೆ, ನಮ್ಮ ಇಲಾಖೆಯ ಅಭ್ಯಾಸ. ಅಂಕಲಿಗೆ ಏನೂ ಹೇಳಬೇಡಿ. ಅವರ ಬೆಕ್ಕು ಅವರಿಗೇ.

ಫಾದರ್ ಕಥೆಯನ್ನು ನಾನು ನಾಲ್ಕು ಸಲ ಓದಿದೆ. ಪಾಯಿಂಟ್ಸ್‌ಮನ್‌ಗೆ ಹಿಂದಿಗೆ ತಿರುಗಿಸಿ ಹೇಳಿದೆ. ಆಮೇಲೆ ಗಾಡಿ ಇಲ್ಲದ ಹೊತ್ತಿನಲ್ಲಿ ಇನ್ನೊಮ್ಮೆ ಹೇಳಿ ಎನ್ನುತ್ತಾನೆ.

ಮಗಳ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆದರೆ ಈಗ ಅದರ ಅಗತ್ಯವೂ ಬೀಳಲಿಕ್ಕಿಲ್ಲ. ಅವಳು ಬೆಕ್ಕನ್ನು ಮರೆತಿದ್ದಾಳೆ. ಮೊದಲೆಲ್ಲ ಕೇಳುತ್ತಿದ್ದಳು. ಈಗ ನಾನಾಗಿ, "ಚಟ್ಟುವಿನ ಸುದ್ದಿ ಬಂತು ಮಗಾ" ಎಂದರೆ ಎದ್ದು ಒಳಗೆ ಹೋಗುತ್ತಾಳೆ. ಒಟ್ಟಿನಲ್ಲಿ ನನ್ನ ಹತ್ತಿರ ಮಾತೇ ಕಮ್ಮಿ. ಹನ್ನೆರಡು ವರ್ಷ ಆಯಿತಲ್ಲ, ಪ್ರಾಯವೇ ಹಾಗೆ ಎನ್ನುತ್ತಾಳೆ ಹೆಂಡತಿ.

ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಬೀದಿಯಿಂದ ಬಂದ ಪ್ರಾಣಿಗೆ ಮನೆಯನ್ನೇ ಕೊಟ್ಟಿರಿ. ಯಾರೋ ಹುಡುಕುತ್ತಿದ್ದಾರೆಂದು ತಿಳಿದಿದ್ದರೆ ಅಂದೇ ಕೈಯಲ್ಲಿ ಎತ್ತಿಕೊಂಡು ಬಂದು ತಲುಪಿಸುತ್ತಿದ್ದಿರಿ. ನಿಮ್ಮ ಅಕ್ಷರ ನೋಡಿದರೇ ಅದು ಗೊತ್ತಾಗುತ್ತದೆ. ಒಂದು ಫೋಟೋ ಕಳಿಸಿದರೆ ಸಾಕು ನನಗೆ.

ನಿಮ್ಮ,
ರೂಪೇಶ್


ಶಕ್ತಿನಗರ
4 ಮಾರ್ಚ್ 2025

ಪ್ರಿಯ ರೂಪೇಶ್,

ನಿಮ್ಮ ಒಪ್ಪಿಗೆಪತ್ರ ಎರಡು ವಾರ ನನ್ನ ಮೇಜಿನ ಮೇಲೆ ಇತ್ತು. ಇಜಾಝ್ ದಾರಿಯಲ್ಲಿ ಸಿಕ್ಕಾಗಲೆಲ್ಲ, "ಟೀಚರ್, ಕಾಗದ ಬಂತಾ?" ಎಂದು ಕೇಳುತ್ತಾರೆ. ಬರಲಿಲ್ಲ ಎಂದೆ. ಅದೂ ಸುಳ್ಳು. ಅದನ್ನು ಇದರೊಟ್ಟಿಗೆ ಮರಳಿಸುತ್ತಿದ್ದೇನೆ. ಜೊತೆಗೆ ಇನ್ನೊಂದು ಕಾಗದವೂ ಉಂಟು. ಅದು ನಿಮ್ಮದೇ.

ಬೆಕ್ಕು ನಮ್ಮ ಅಂಗಳಕ್ಕೆ ಬಂದ ಮರುದಿನ ನಾನು ನಂತೂರಿನಿಂದ ಬಸ್ಸು ಹಿಡಿಯಲು ಹೋದೆ. ಅಲ್ಲಿ ಕಂಬದಲ್ಲಿ ನಿಮ್ಮ ಚೀಟಿ ಅಂಟಿಸಿತ್ತು. ಕಪ್ಪು ಬೆಕ್ಕು, ಬಿಳಿ ಪಟ್ಟಿ, ಎಲ್ಲ ಓದಿದೆ. 'ಕಳೆದುಹೋಗಿದೆ' ಎನ್ನುವಲ್ಲಿ ಹಕಾರವನ್ನೇ ಬಿಟ್ಟಿದ್ದಿರಿ. ಅದು ನನಗೆ ಇಂದಿಗೂ ನೆನಪಿದೆ. ನಾನು ಆ ಕಡೆ ಈ ಕಡೆ ನೋಡಿ ಚೀಟಿಯನ್ನು ಕಿತ್ತು ಬ್ಯಾಗಿಗೆ ಹಾಕಿದೆ. ಮುಂದಿನ ಕಂಬದಲ್ಲೂ ಒಂದಿತ್ತು. ಅದನ್ನೂ ಕಿತ್ತೆ.

ಕಾರಣ ಹೇಳುತ್ತೇನೆ, ಅದು ನೆಪವಲ್ಲ. ನೊರ್ಬರ್ಟ್‌ಗೆ ಆ ಫೆಬ್ರವರಿಯಲ್ಲಿ ಹೃದಯದ ಆಪರೇಷನ್ ಆಗಿತ್ತು. ಡಾಕ್ಟರು ನಡೆಯಿರಿ ಎಂದರೂ ಮೂರು ತಿಂಗಳು ಮಂಚದಿಂದ ಇಳಿಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಆ ಬೆಕ್ಕು ಬಂದ ದಿನ ಸೀದಾ ಒಳಗೆ ಹೋಗಿ ಅವರ ಕಾಲ ಮೇಲೆ ಕೂತಿತು. "ಏ ಪಾದ್ರಿ, ನನಗಿನ್ನೂ ಕೊನೆಯ ಪ್ರಾರ್ಥನೆಯ ಹೊತ್ತಾಗಲಿಲ್ಲ ಮಾರಾಯ" ಎಂದು ಅವರು ನಕ್ಕರು. ಅಡುಗೆಮನೆಯಲ್ಲಿ ನನ್ನ ಕೈಯಿಂದ ಸೌಟು ಬಿತ್ತು. ಆ ನಗುವನ್ನು ಯಾರಿಗೂ ವಾಪಸು ಕೊಡಲು ನನಗೆ ಮನಸ್ಸಾಗಲಿಲ್ಲ.

ಮೂರು ವರ್ಷ ನಾನು ನಂತೂರಿನ ಆ ಕಂಬವನ್ನು ನೋಡದೆ ಬಸ್ಸು ಹತ್ತಿದ್ದೇನೆ. ನಿಮ್ಮ ಮಗಳಿಗೆ ಸುಳ್ಳು ಹೇಳಲಾರೆ ಎಂದು ನಿಮಗೆ ಪಾಠ ಹೇಳಿದವಳು ನಾನೇ. ನೀವು ನನ್ನ ಅಕ್ಷರ ಹೊಗಳಿದಿರಿ. ಅದನ್ನು ಓದಿದ ಮೇಲೆ ಊಟ ಸೇರಲಿಲ್ಲ.

ಬೆಕ್ಕು ನಿಮ್ಮದು. ನಿನ್ನೆ ನೊರ್ಬರ್ಟ್‌ಗೂ ಎಲ್ಲ ಹೇಳಿದೆ. ಬೆಕ್ಕನ್ನು ಮಡಿಲಿಗೆ ಎಳೆದುಕೊಂಡು, "ಆ ಮಗುವಿಗೆ ಬರೆ ಮ್ಯಾಗೀ, ಬಂದು ತೆಗೆದುಕೊಂಡು ಹೋಗಲಿ" ಎಂದರು. ಫೋಟೋ ಇಟ್ಟಿದ್ದೇನೆ. ಮೇಜಿನ ಮೇಲೆ ಕೂತಿರುವುದಕ್ಕೆ ಕ್ಷಮೆ ಇರಲಿ.

ಮಗ್ದಲೀನ್


ರತ್ನಾಗಿರಿ
12 ಮಾರ್ಚ್ 2025

ಟೀಚರ್ ಆಂಟಿಗೆ,

ನಾನು ಭವ್ಯಶ್ರೀ. ನನ್ನ ಕನ್ನಡ ಮೂರನೇ ಕ್ಲಾಸಿಗೇ ನಿಂತಿದೆ. ಇಲ್ಲಿ ಮರಾಠಿ ಮತ್ತು ಇಂಗ್ಲಿಷ್. ತಪ್ಪು ಇದ್ದರೆ ಬಯ್ಯಬೇಡಿ.

ಅಪ್ಪ ಮೊನ್ನೆ ಜ್ವರ ಅಂತ ರಜೆಯಲ್ಲಿ ಇದ್ದರು. ಪಾಯಿಂಟ್ಸ್‌ಮನ್ ಅಂಕಲ್ ನಿಮ್ಮ ಕವರ್ ಮನೆಗೆ ತಂದು ನನ್ನ ಕೈಗೆ ಕೊಟ್ಟರು. ಮಂಗಳೂರು ಅಂತ ಇತ್ತು, ಅದಕ್ಕೆ ಒಡೆದೆ. ಅದು ತಪ್ಪು. ಫೋಟೋ ನೋಡಿದೆ. ಮತ್ತೆ ಪತ್ರ ಓದಿದೆ. ಮತ್ತೆ ಚೀಟಿ ಓದಿದೆ.

ನನಗೆ ಅಪ್ಪ ಮೇಲೆ ಮೂರು ವರ್ಷದಿಂದ ಸಿಟ್ಟು ಇತ್ತು. ಯಾಕೆಂದರೆ ನನ್ನ ಹತ್ತಿರ ಕೇಳದೆ ನನ್ನ ಬೆಕ್ಕನ್ನು ಯಾರಿಗೋ ಕೊಟ್ಟರು ಅಂತ. ಸಾಮಾನು ಜಾಸ್ತಿ ಆಯಿತು ಅಂತ ಕೊಟ್ಟಿರಬೇಕು ಅಂತ ಅಂದುಕೊಂಡೆ. ಟೀಚರ ಮನೆಯ ಸುದ್ದಿ ಹೇಳುವಾಗ ಅವರು ನಗ್ತಿದ್ದರು. ಅದು ನನಗೆ ಇನ್ನೂ ಸಿಟ್ಟು.

ಚೀಟಿಯಲ್ಲಿ ಅಪ್ಪ ಬರೆದಿದ್ದರು: 'ಮಗಳು ಕಾಯುತ್ತಿದ್ದಾಳೆ, ಸಿಕ್ಕಿದವರು ದಯವಿಟ್ಟು ಯಾವ ಹೊತ್ತಿಗಾದರೂ ಫೋನ್ ಮಾಡಿ.' ನಾನು ಅಮ್ಮನ ಹತ್ತಿರ ಕೇಳಿದೆ. ಅಪ್ಪ ಎರಡು ದಿನ ನಂತೂರಿನಲ್ಲೇ ಹುಡುಕಿದರಂತೆ. ಇಲ್ಲಿ ಡ್ಯೂಟಿಗೆ ಲೇಟಾಗಿ ಸೇರಿ ಮೇಲಿನವರ ಬೈಗುಳ ತಿಂದರಂತೆ. ಯಾರಿಗೂ ಹೇಳಬಾರದು ಅಂತ ಅಮ್ಮನಿಗೂ ಹೇಳಿದ್ದರಂತೆ.

ನಾನು ಹೋಗಿ ಅಪ್ಪನ ಮಂಚದ ಮೇಲೆ ಕೂತೆ. ಚೀಟಿ ಕೊಟ್ಟೆ. "ನೀವು ಕೊಟ್ಟದ್ದಲ್ವಾ? ಕಳೆದುಹೋದದ್ದಾ?" ಅಂತ ಕೇಳಿದೆ. ಅಪ್ಪ ಹೌದು ಅಂತ ತಲೆ ಆಡಿಸಿದರು. ಮತ್ತೆ ನಾವಿಬ್ಬರೂ ಅತ್ತೆವು, ಮತ್ತೆ ಫಾದರ್ ಕಥೆ ಹೇಳಿದರು, ಮತ್ತೆ ನಕ್ಕೆವು. ಅಮ್ಮ ಬಂದು ಎಂತ ಆಯ್ತು ನಿಮಗೆ ಅಂತ ಕೇಳಿದರು. ನಾನು ಆ ದಿನ ಅಪ್ಪನ ಜೊತೆ ಮೂರು ವರ್ಷದ ಮಾತು ಎಲ್ಲ ಮಾತಾಡಿದೆ.

ನಿಮ್ಮ ಮೇಲೆ ನನಗೆ ಸಿಟ್ಟು ಇದೆ. ಚೀಟಿ ಕಿತ್ತದ್ದಕ್ಕೆ. ಆದರೆ ಫೋಟೋದಲ್ಲಿ ಅವನು ದಪ್ಪ ಇದ್ದಾನೆ. ಅದಕ್ಕೆ ಸಿಟ್ಟು ಅರ್ಧ.

ಮೇ ರಜೆಯಲ್ಲಿ ನಾನು ಬರ್ತೇನೆ. ಅವನು ಯಾರ ಬೆಕ್ಕು ಅಂತ ಬಂದು ನೋಡಿ ಹೇಳ್ತೇನೆ.

ಭವ್ಯಶ್ರೀ


ರತ್ನಾಗಿರಿ
13 ಮಾರ್ಚ್ 2025

ಟೀಚರ್,

ಭವ್ಯ ನಿಮಗೆ ಬರೆದದ್ದನ್ನು ನನಗೆ ತೋರಿಸಲಿಲ್ಲ. ನಾನೂ ಕೇಳಲಿಲ್ಲ.

ನಿಮ್ಮ ಮೇಲೆ ಸಿಟ್ಟು ತಂದುಕೊಳ್ಳಲು ನೋಡಿದೆ. ಕೂತು ಪ್ರಯತ್ನಪಟ್ಟೆ. ಆಗುವುದಿಲ್ಲ. ನಿನ್ನೆ ಸಂಜೆ ನಾನು ಡ್ಯೂಟಿ ಮುಗಿಸಿ ಬರುವಾಗ ಮಗಳು ಕ್ವಾರ್ಟರ್ಸಿನ ತಿರುವಿಗೆ ಬಂದು ನಿಂತಿದ್ದಳು. "ಎಂತ ಅಪ್ಪಾ, ಇಷ್ಟು ಲೇಟು?" ಎಂದು ನನ್ನ ಟಿಫಿನ್ ಚೀಲ ತೆಗೆದುಕೊಂಡಳು. ಇಲ್ಲಿಗೆ ಬಂದ ಮೇಲೆ ಇದು ಮೊದಲ ಸಲ. ಅವಳಿಗೆ ನೋವಾಗಬಾರದೆಂದು ನಾನು ಕಟ್ಟಿದ ಸುಳ್ಳನ್ನು, ನೀವು ಅಡಗಿಸಿಟ್ಟ ಚೀಟಿ ಬಿಡಿಸಿತು. ಯಾರಿಗೆ ಯಾರು ಕ್ಷಮೆ ಕೇಳುವುದು ಹೇಳಿ?

ಅವಳನ್ನು ಮೇ ಮೂರಕ್ಕೆ ಕರೆದುಕೊಂಡು ಬರುತ್ತೇನೆ. ನನಗೆ ಎರಡೇ ದಿನ ರಜೆ. ಅವಳು ಎರಡು ವಾರ ನಿಮ್ಮಲ್ಲಿ ಇರಬಹುದಾ? ಅವಳೇ ಕೇಳಲು ಹೇಳಿದ್ದು.

ರೂಪೇಶ್


ಶಕ್ತಿನಗರ
14 ಮೇ 2025

ಪ್ರೀತಿಯ ರೂಪೇಶ್,

ಭವ್ಯ ಆರಾಮವಾಗಿದ್ದಾಳೆ. ನೀವು ಹೊರಟ ಮೇಲೆ ಆದದ್ದನ್ನೆಲ್ಲ ನಾನೇ ಬರೆಯಬೇಕಂತೆ. ಅವಳು ನೊರ್ಬರ್ಟ್ ಜೊತೆ ಕ್ಯಾರಂ ಆಡುವುದರಲ್ಲಿ ಮುಳುಗಿದ್ದಾಳೆ. ಇಬ್ಬರೂ ಮೋಸ ಮಾಡುತ್ತಾರೆ.

ನೀವು ಇದ್ದ ಎರಡು ದಿನ ಬೆಕ್ಕು ಅವಳತ್ತ ತಿರುಗಿಯೂ ನೋಡಲಿಲ್ಲ, ಅದು ನಿಮಗೆ ಗೊತ್ತು. ಮೂರನೇ ದಿನ ಬೆಳಿಗ್ಗೆ ನೋಡುತ್ತೇನೆ, ಅವಳ ತೆರೆದಿಟ್ಟ ಸೂಟ್‌ಕೇಸಿನೊಳಗೆ, ಇಸ್ತ್ರಿ ಹಾಕಿದ ಬಟ್ಟೆಗಳ ಮೇಲೆ ಸುರುಟಿ ಮಲಗಿದೆ. ಪಕ್ಕದಲ್ಲಿ ನೆಲದ ಮೇಲೆ ಇವಳು, ಸೂಟ್‌ಕೇಸಿನ ಅಂಚಿಗೆ ಗಲ್ಲ ಇಟ್ಟುಕೊಂಡು. "ಆಂಟಿ, ಅವನಿಗೆ ಗೊತ್ತಾಯ್ತು" ಎಂದು ಪಿಸುಗುಟ್ಟಿದಳು. ಬಾಗಿಲಲ್ಲಿ ನಿಂತಿದ್ದ ನೊರ್ಬರ್ಟ್ ಖುಷಿಪಟ್ಟರು. ಆದರೆ ಆ ಸೂಟ್‌ಕೇಸನ್ನು ನೋಡಿ, ಕಣ್ಣೊರೆಸಿಕೊಂಡು ಅಂಗಳಕ್ಕೆ ಹೋದರು. ಭವ್ಯ ಅದನ್ನು ಕಂಡಳೆಂದು ನನಗೆ ಆಗ ತಿಳಿಯಲಿಲ್ಲ.

ಸಂಜೆ ನೊರ್ಬರ್ಟ್ ನಡೆಯಲು ಹೋಗುವ ಕ್ರಮ ಉಂಟು. ಬೆಕ್ಕು ಬಾಲ ಎತ್ತಿಕೊಂಡು ಮುಂದೆ, ಇವರು ಹಿಂದೆ. ಇವರು ಏದುಸಿರು ಬಿಟ್ಟು ನಿಂತರೆ ಅದೂ ನಿಲ್ಲುತ್ತದೆ, ಕುಳಿತು ಕಾಲು ನೆಕ್ಕುತ್ತದೆ, ಇವರು ಹೊರಟರೆ ಹೊರಡುತ್ತದೆ. ಹೀಗೆ ರಸ್ತೆಯ ತುದಿಯವರೆಗೆ ಹೋಗಿ ವಾಪಸು. ಭವ್ಯ ಒಂದು ವಾರ ಈ ಮೆರವಣಿಗೆಯ ಹಿಂದೆ ಹೋದಳು. ಮನೆಗೆ ಬಂದು ಏನೂ ಹೇಳುತ್ತಿರಲಿಲ್ಲ.

ಇಂದು ವಾರ್ಡ್ ಕಚೇರಿಯಲ್ಲಿ ನೋಂದಣಿಯ ಕೊನೆಯ ಶಿಬಿರ. ನಾಲ್ವರೂ ಹೋದೆವು, ಬೆಕ್ಕನ್ನು ಸೇರಿಸಿ. ಅಷ್ಟು ಹೊತ್ತಿಗೆ ನಾನು ನಿಶ್ಚಯಿಸಿಕೊಂಡಿದ್ದೆ. ಒಂದು ಸಲ ಕಿತ್ತುಕೊಂಡದ್ದು ಸಾಕು. ಇಜಾಝ್ ಕೇಳಿದರೆ ನಿಮ್ಮ ಹೆಸರನ್ನೇ ಹೇಳುವುದೆಂದು. ನೊರ್ಬರ್ಟ್‌ಗೂ ಹೇಳಿದ್ದೆ. ಅವರು ಬೆಳಿಗ್ಗೆಯಿಂದ ಬೆಕ್ಕನ್ನು ಬಾಚುತ್ತಿದ್ದರು.

ಇಜಾಝ್ ಯಂತ್ರ ಹಿಡಿದರು, ಬೆಕ್ಕು ಅವರ ಬೆರಳು ಕಚ್ಚಿತು. "ಅಲ್ಲಾ! ಪಾದ್ರಿಗೆ ಇಷ್ಟು ಸಿಟ್ಟು ಆಗ್ತದಾ?" ಎಂದು ಕೈ ಕೊಡವಿಕೊಂಡು ಫಾರಂ ಎಳೆದುಕೊಂಡರು. "ಮಾಲೀಕರ ಹೆಸರು?"

ನಾನು ಬಾಯಿ ತೆರೆಯುವ ಮೊದಲೇ ಭವ್ಯ, ನಾನು ಮರಳಿಸಿದ್ದ ನಿಮ್ಮ ಒಪ್ಪಿಗೆಪತ್ರವನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು, "ಮಗ್ದಲೀನ್ ಕ್ರಾಸ್ತಾ ಮತ್ತು ನೊರ್ಬರ್ಟ್ ಕ್ರಾಸ್ತಾ" ಎಂದಳು.

"ಭವ್ಯಾ..." ಎಂದೆ.

"ಇರಿ ಆಂಟಿ, ನಾನು ಹೇಳ್ತೇನೆ ಅಂತ ಬರೆದಿದ್ದೆನಲ್ಲ?" ಎಂದು ಅವಳು ನನ್ನತ್ತ ನೋಡದೆ ಹೇಳಿದಳು. ಮತ್ತೆ ಪ್ರಾಣಿಯ ಹೆಸರಿನ ಕಾಲಂ ಮೇಲೆ ಬೆರಳಿಟ್ಟು, "ಪಾದ್ರಿ ಯಾನೆ ಚಟ್ಟಂಬಡೆ ಅಂತ ಬರೆಯಿರಿ. ಎರಡೂ ಬೇಕು" ಎಂದಳು. ಯಾನೆ ಎನ್ನುವ ಮಾತನ್ನು ನಾನೇ ಮೊನ್ನೆ ಅವಳಿಗೆ ಕಲಿಸಿದ್ದು, ಮನೆಯ ಹಕ್ಕುಪತ್ರವೊಂದನ್ನು ಓದುವಾಗ.

ಇಜಾಝ್ ನಗುತ್ತ ಬರೆದುಕೊಂಡರು. "ಇನ್ನು ಇದೊಂದು ಉಂಟು. ಪ್ರಾಣಿಯನ್ನು ಹೇಗೆ ಪಡೆದಿರಿ?"

ನಾನು ಎದ್ದು ನಿಂತೆ. ಸಾಲಿನಲ್ಲಿ ಹತ್ತಿಪ್ಪತ್ತು ಜನ ಇದ್ದರು. "ಕದ್ದದ್ದು ಅಂತ ಬರೆಯಿರಿ" ಎಂದೆ.

ಇಜಾಝ್ ಪೆನ್ನು ಕೆಳಗಿಟ್ಟರು. "ಟೀಚರ್, ಇಲ್ಲಿ ಮೂರೇ ಉಂಟು. ಖರೀದಿ, ಉಡುಗೊರೆ, ಬೀದಿಯಲ್ಲಿ ಸಿಕ್ಕಿದ್ದು. ಕದ್ದದ್ದಕ್ಕೆ ಸರ್ಕಾರ ಕಾಲಂ ಕೊಡಲಿಲ್ಲ."

"ಉಡುಗೊರೆ" ಎಂದಳು ಭವ್ಯ.

"ಉಡುಗೊರೆಯಾದರೆ ಕೊಟ್ಟವರ ಹೆಸರು ಬೇಕು ಮಗಾ. ಯಾರು ಕೊಟ್ಟದ್ದು?"

ಅವಳು ಬೆಕ್ಕನ್ನು ನೊರ್ಬರ್ಟ್‌ ಅವರ ಮಡಿಲಿಗೆ ಇಟ್ಟು, ಮತ್ತೆ ಮೇಜಿನ ಎದುರು ನೆಟ್ಟಗೆ ನಿಂತು ಹೇಳಿದಳು, "ನಾನು. ಭವ್ಯಶ್ರೀ ಕರ್ಕೇರ. ಈಗ, ಇವತ್ತು ಕೊಟ್ಟದ್ದು."

ನಿಮ್ಮ,
ಮಗ್ದಲೀನ್